ದೀರ್ಘ ಇಳಿಜಾರಿನ ಸ್ಪರ್ಧೆ: ಸೈಕಲ್ ಆಯ್ಕೆ ಹೇಗೆ, ಸಜ್ಜು ಹೇಗೆ?

ಯಾದಗಿರಿ ಜಿಲ್ಲೆಯ ಬೋನಾಳ ಎಂದೊಡನೆ ನಾಡಿನ ಓದುಗರಿಗೆ ನೆನಪಾಗುವುದು ಕೆರೆ ಮತ್ತು ಹಕ್ಕಿಗಳು. ಹದಿನೇಳನೆಯ ಶತಮಾನದಲ್ಲಿ ಸುರಪುರದ ಅರಸ ಪಾಮನಾಯಕ ಕಟ್ಟಿಸಿದನೆಂದು ಹೇಳಲಾಗುವ ಆ ಕೆರೆ ಇಂದು ಪಕ್ಷಿಧಾಮ. ಕೆರೆಯನ್ನು ಹಿಂದೆ ಬಿಟ್ಟು ಸುರಪುರದತ್ತ ಸಾಗಿದರೆ ನೆಲದ ಸ್ವರೂಪವೇ ಬದಲಾಗುತ್ತದೆ. ಊರನ್ನು ಸುತ್ತುವರಿದ ಗ್ರಾನೈಟ್ ಗುಡ್ಡಗಳು, ಯಾರೋ ಪೇರಿಸಿಟ್ಟಂತೆ ಕಾಣುವ ಗುಂಡುಗಲ್ಲುಗಳು, ಅವುಗಳ ನಡುವೆ ಆಡು ಕುರಿಗಳು ತುಳಿದು ಮಾಡಿದ ಕಿರುದಾರಿಗಳು. ಶಹಾಪುರದ ಮಲಗಿದ ಬುದ್ಧನ ಬೆಟ್ಟವೂ ಯಾದಗಿರಿಯ ಕೋಟೆ ಗುಡ್ಡವೂ ಇಂಥದೇ ಕಲ್ಲುನೆಲದವು. 1844ರಲ್ಲಿ ಮೆಡೋಸ್ ಟೇಲರ್ ಸುರಪುರದಲ್ಲಿ ತನ್ನ ಬಂಗಲೆಗೆ ಆರಿಸಿಕೊಂಡದ್ದೂ ಇಂಥದೊಂದು ಗುಡ್ಡದ ನೆತ್ತಿಯನ್ನೇ.

ಇಂತಹ ನೆಲದಲ್ಲಿ ಬೆಳೆದ ಹುಡುಗ ಹುಡುಗಿಯರಿಗೆ ಮೌಂಟನ್ ಬೈಕ್ ಏರಿ ಇಳಿಜಾರಿನ ಸ್ಪರ್ಧೆಗೆ ಹೊರಡುವ ಆಸೆ ಹುಟ್ಟಿದರೆ ಅದು ಅಸಹಜವೇನಲ್ಲ. ಕರ್ನಾಟಕದ ಸೈಕ್ಲಿಂಗ್ ಎಂದರೆ ವಿಜಯಪುರ ಮತ್ತು ಬಾಗಲಕೋಟೆ ಎಂಬ ಮಾತು ಹಳೆಯದು. ಆದರೆ ಅಲ್ಲಿಯ ಪರಂಪರೆ ಬಹುಮಟ್ಟಿಗೆ ರಸ್ತೆ ಓಟದ್ದು. ಗುಡ್ಡದ ಸೈಕಲ್ ನಮ್ಮ ನಾಡಿಗೆ ತಡವಾಗಿ ಬಂತು. 2022ರಲ್ಲಿ ರಾಷ್ಟ್ರೀಯ ಮೌಂಟನ್ ಬೈಕ್ ಚಾಂಪಿಯನ್‌ಷಿಪ್ ಗದಗದಲ್ಲಿ ನಡೆಯಿತು. 2023ರ ಅಕ್ಟೋಬರ್‌ನಲ್ಲಿ ಏಷ್ಯನ್ ಚಾಂಪಿಯನ್‌ಷಿಪ್ ನೆರೆಯ ಕೇರಳದ ಪೊನ್ಮುಡಿಗೆ ಬಂತು. ಈಗ ಉತ್ತರ ಕರ್ನಾಟಕದ ಸಣ್ಣ ಪಟ್ಟಣಗಳಲ್ಲೂ ಈ ಕ್ರೀಡೆಯ ಬಗ್ಗೆ ವಿಚಾರಿಸುವವರಿದ್ದಾರೆ. ಅವರ ಮೊದಲ ಪ್ರಶ್ನೆ ಸಾಮಾನ್ಯವಾಗಿ ಒಂದೇ: ಯಾವ ಸೈಕಲ್ ಕೊಳ್ಳಬೇಕು?

ಅಂಗಡಿಯವರ ಉತ್ತರ ಹೆಚ್ಚಾಗಿ ಸ್ಪ್ರಿಂಗ್‌ನ ಉದ್ದದಿಂದ ಆರಂಭವಾಗುತ್ತದೆ. ಅರ್ಧ ಗಂಟೆಗೂ ಮೀರಿ ಎಡೆಬಿಡದೆ ಇಳಿಯಬೇಕಾದ ಸ್ಪರ್ಧೆಯಲ್ಲಿ ಸೋಲು ಗೆಲುವುಗಳನ್ನು ನಿರ್ಧರಿಸುವ ಸಂಗತಿಗಳು ಬೇರೆ. ಕೊನೆಯ ತಿರುವಿನವರೆಗೂ ಬ್ರೇಕ್ ಹಿಡಿಯುತ್ತದೆಯೇ, ಟೈರ್ ಉಳಿಯುತ್ತದೆಯೇ, ಸವಾರನ ಬೆರಳುಗಳಲ್ಲಿ ಲಿವರ್ ಒತ್ತುವ ಶಕ್ತಿ ಇರುತ್ತದೆಯೇ ಎಂಬ ಮೂರನ್ನು ಮೊದಲು ನೋಡಬೇಕು. ಈ ಮೂರಕ್ಕೂ ತಗಲುವ ಹಣ ಸ್ಪ್ರಿಂಗ್‌ಗೆ ತಗಲುವ ಹಣಕ್ಕಿಂತ ಕಡಿಮೆ ಎಂಬುದು ಸಾಮಾನ್ಯ ಆದಾಯದ ಮನೆಯವರಿಗೆ ಸಮಾಧಾನದ ಸಂಗತಿ.

ಇದು ಯಾವ ಬಗೆಯ ಸ್ಪರ್ಧೆ?

ಇಳಿಜಾರಿನ ಸ್ಪರ್ಧೆಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಶುದ್ಧ ಡೌನ್‌ಹಿಲ್‌ನಲ್ಲಿ ಸವಾರರು ಒಬ್ಬೊಬ್ಬರಾಗಿ ಹೊರಟು ಕೆಲವೇ ನಿಮಿಷಗಳಲ್ಲಿ ಗುರಿ ಮುಟ್ಟುತ್ತಾರೆ. ಎಂಡ್ಯೂರೊದಲ್ಲಿ ದಿನವಿಡೀ ಹಲವು ಇಳಿಜಾರುಗಳಿರುತ್ತವೆ. ಇಳಿಯುವಾಗ ಮಾತ್ರ ಗಡಿಯಾರ ಓಡುತ್ತದೆ, ಮುಂದಿನ ಇಳಿಜಾರಿನ ನೆತ್ತಿಗೆ ಸವಾರ ತನ್ನ ಕಾಲಬಲದಿಂದಲೇ ಹತ್ತಬೇಕು. ಇದಕ್ಕೆ 2013ರಲ್ಲಿ ವಿಶ್ವ ಸರಣಿ ಆರಂಭವಾಗಿ, 2023ರಿಂದ ಅದು ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟದ ವಿಶ್ವಕಪ್ ಆಗಿದೆ. ಮೂರನೆಯದು ಮ್ಯಾರಥಾನ್ ಇಳಿಜಾರು. ಫ್ರಾನ್ಸ್‌ನ ಆಲ್ಪ್ ದ್ಯುಯೆಜ್‌ನಲ್ಲಿ 1995ರಲ್ಲಿ ಆರಂಭವಾದ ಮೆಗಾವಲಾಂಚ್ ಇದರ ಪ್ರಸಿದ್ಧ ಉದಾಹರಣೆ. 3,330 ಮೀಟರ್ ಎತ್ತರದ ಪಿಕ್ ಬ್ಲಾಂಕ್ ಶಿಖರದ ಹಿಮನದಿಯ ಮೇಲೆ ನೂರಾರು ಸವಾರರು ಒಟ್ಟಿಗೆ ಹೊರಟು, ಹಿಮ, ಬಂಡೆ, ಹುಲ್ಲುಗಾವಲು, ಕಾಡು ದಾಟಿ ಸುಮಾರು 720 ಮೀಟರ್ ಎತ್ತರದ ಅಲ್ಲೆಮೋಂ ಗ್ರಾಮಕ್ಕೆ ಇಳಿಯುತ್ತಾರೆ. ಅಗ್ರಶ್ರೇಣಿಯ ಸವಾರರಿಗೂ ಇದು ಮುಕ್ಕಾಲು ಗಂಟೆಯ ಆಸುಪಾಸಿನ ಕೆಲಸ. ಉಳಿದವರಿಗೆ ಇನ್ನೂ ಹೆಚ್ಚು.

ಬೋನಾಳ, ಸುರಪುರದ ಸುತ್ತ ಅಷ್ಟು ಎತ್ತರವಿಲ್ಲ. ಇಡೀ ಕರ್ನಾಟಕದಲ್ಲಿ ಅತಿ ಎತ್ತರದ ಮುಳ್ಳಯ್ಯನಗಿರಿಯೇ 1,930 ಮೀಟರ್. ಸೈಕಲ್ ಸವಾರರಿಗೆ ಪ್ರಿಯವಾದ ನಂದಿ ಬೆಟ್ಟ 1,478 ಮೀಟರ್. ಆದರೂ ನಮ್ಮವರು ಹೊರ ರಾಜ್ಯಗಳಿಗೆ, ಮುಖ್ಯವಾಗಿ ಹಿಮಾಚಲ ಪ್ರದೇಶದಂತಹ ಕಡೆಗೆ ಸ್ಪರ್ಧಿಸಲು ಹೋಗುತ್ತಾರೆ. ಅಲ್ಲಿ ಒಂದೇ ಇಳಿತದಲ್ಲಿ ಸಾವಿರ ಮೀಟರ್ ಕಳೆದುಕೊಳ್ಳುವುದು ಸಾಮಾನ್ಯ.

ಸಾವಿರ ಮೀಟರ್ ಇಳಿತದ ಲೆಕ್ಕವನ್ನು ಒಮ್ಮೆ ಹಾಕಿ ನೋಡುವುದು ಒಳ್ಳೆಯದು. ಸವಾರ, ಸೈಕಲ್, ನೀರು, ರಕ್ಷಾಕವಚ ಎಲ್ಲ ಸೇರಿ 90 ಕಿಲೊ ತೂಕವೆನ್ನೋಣ. ಈ ತೂಕ 1,000 ಮೀಟರ್ ಕೆಳಗಿಳಿಯುವಾಗ ಸುಮಾರು 8.8 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಇಷ್ಟು ಶಕ್ತಿಯಲ್ಲಿ ಮೂವತ್ತು ಡಿಗ್ರಿಯ ಮೂರು ಲೀಟರ್ ನೀರನ್ನು ಕುದಿಯುವ ಹಂತಕ್ಕೆ ತರಬಹುದು. ಗಾಳಿಯ ತಡೆ, ಟೈರ್ ಮತ್ತು ನೆಲದ ತಿಕ್ಕಾಟ ಒಂದಷ್ಟನ್ನು ನುಂಗಿದರೂ, ಕಡಿದಾದ ತಿರುವುಗಳ ದಾರಿಯಲ್ಲಿ ದೊಡ್ಡ ಪಾಲು ಹೋಗುವುದು ಎರಡು ತೆಳ್ಳನೆಯ ಉಕ್ಕಿನ ತಟ್ಟೆಗಳಿಗೆ, ಅಂದರೆ ಬ್ರೇಕ್ ಡಿಸ್ಕ್‌ಗಳಿಗೆ. ಮೆಗಾವಲಾಂಚ್‌ನ 2,600 ಮೀಟರ್ ಇಳಿತಕ್ಕೆ ಇದೇ ಲೆಕ್ಕ ಹಾಕಿದರೆ ನೀರಿನ ಪ್ರಮಾಣ ಎಂಟು ಲೀಟರ್‌ನ ಹತ್ತಿರ ಬರುತ್ತದೆ.

ಮೌಂಟನ್ ಬೈಕ್ ಹುಟ್ಟಿದ್ದೂ ಈ ಶಾಖದ ಜೊತೆಯಲ್ಲಿಯೇ. ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿಯಲ್ಲಿ ಗ್ಯಾರಿ ಫಿಶರ್, ಜೋ ಬ್ರೀಝ್, ಚಾರ್ಲಿ ಕೆಲ್ಲಿ ಮುಂತಾದವರು 1976ರಲ್ಲಿ ಹಳೆಯ ದಪ್ಪ ಟೈರಿನ ಸೈಕಲ್‌ಗಳನ್ನು ಗುಡ್ಡದ ಮಣ್ಣುದಾರಿಯಲ್ಲಿ ಕೆಳಗಿಳಿಸುವ ಪಂದ್ಯ ಆರಂಭಿಸಿದರು. ಆಗಿನ ಸೈಕಲ್‌ಗಳ ಬ್ರೇಕ್ ಇದ್ದದ್ದು ಹಿಂದಿನ ಗಾಲಿಯ ಹಬ್‌ನೊಳಗೆ. ಒಮ್ಮೆ ಕೆಳಗಿಳಿಯುವಷ್ಟರಲ್ಲಿ ಒಳಗಿನ ಗ್ರೀಸ್ ಸುಟ್ಟು ಹೊಗೆಯಾಗುತ್ತಿತ್ತು. ಮತ್ತೆ ಹಬ್ ಬಿಚ್ಚಿ ಹೊಸ ಗ್ರೀಸ್ ತುಂಬಬೇಕಾಗಿತ್ತು. ಹೀಗೆ ಮರಳಿ ತುಂಬುವ ಕೆಲಸದಿಂದಲೇ ಆ ದಾರಿಗೆ 'ರಿಪ್ಯಾಕ್' ಎಂಬ ಹೆಸರು ಬಂತು. ಅಂದಿನ ತೊಂದರೆ ಇಂದು ರೂಪ ಬದಲಿಸಿದೆಯಷ್ಟೇ.

ಕೊಳ್ಳುವ ಮುನ್ನ

ಮೊದಲಿಗೆ ಒಂದು ಎಚ್ಚರಿಕೆ. ಪಟ್ಟಣಗಳ ಸೈಕಲ್ ಅಂಗಡಿಗಳಲ್ಲಿ 'ಡಬಲ್ ಸಸ್ಪೆನ್ಷನ್' ಎಂದು ಮಾರುವ ಅಗ್ಗದ, ಭಾರವಾದ ಸೈಕಲ್‌ಗಳು ಈ ಕೆಲಸಕ್ಕೆ ಸಲ್ಲವು. ಅವುಗಳಲ್ಲಿ ಸ್ಪ್ರಿಂಗ್ ಇದೆ, ಆದರೆ ಅದನ್ನು ನಿಯಂತ್ರಿಸುವ ಎಣ್ಣೆಯ ವ್ಯವಸ್ಥೆ ಇಲ್ಲ. ಕಲ್ಲಿಗೆ ಬಡಿದು ತಗ್ಗಿದ ಸ್ಪ್ರಿಂಗ್ ತಗ್ಗಿದ ವೇಗದಲ್ಲೇ ಮೇಲಕ್ಕೆ ಚಿಮ್ಮಿ ಸವಾರನನ್ನು ಹ್ಯಾಂಡಲ್‌ನ ಆಚೆಗೆ ಎಸೆಯಬಲ್ಲದು. ಅದೇ ಹಣಕ್ಕೆ, ಅಥವಾ ತುಸು ಹೆಚ್ಚು ಕೊಟ್ಟು, ಮುಂದೆ ಮಾತ್ರ ಒಳ್ಳೆಯ ಫೋರ್ಕ್ ಇರುವ ಹಾರ್ಡ್‌ಟೇಲ್ ಸೈಕಲ್ ಕೊಂಡರೆ ಎಷ್ಟೋ ಮೇಲು. ಕಲಿಯುವ ಹಂತದಲ್ಲಿ ಹಾರ್ಡ್‌ಟೇಲ್ ಒಳ್ಳೆಯ ಗುರು: ದಾರಿ ತಪ್ಪಾಗಿ ಆರಿಸಿದರೆ ಹಿಂಭಾಗ ತಕ್ಷಣ ತಿಳಿಸುತ್ತದೆ.

ದೀರ್ಘ ಇಳಿಜಾರಿನಲ್ಲಿ ನಿಜವಾಗಿ ಸ್ಪರ್ಧಿಸಬಯಸುವವರಿಗೆ ಹೊಂದುವುದು 150ರಿಂದ 170 ಮಿಲಿಮೀಟರ್ ಚಲನೆಯ, ಎರಡೂ ಕಡೆ ಸಸ್ಪೆನ್ಷನ್ ಇರುವ ಎಂಡ್ಯೂರೊ ವರ್ಗದ ಸೈಕಲ್. 200 ಮಿ.ಮೀ. ಚಲನೆಯ ಡೌನ್‌ಹಿಲ್ ಸೈಕಲ್ ಇನ್ನೂ ಸುರಕ್ಷಿತವಲ್ಲವೇ ಎಂದು ಕೇಳುವವರಿದ್ದಾರೆ. ದೀರ್ಘ ಸ್ಪರ್ಧೆಯ ದಾರಿಯಲ್ಲಿ ನಡುನಡುವೆ ಚಪ್ಪಟೆ ನೆಲವೂ ಸಣ್ಣ ಏರುಗಳೂ ಬರುತ್ತವೆ. ಡೌನ್‌ಹಿಲ್ ಸೈಕಲ್‌ನಲ್ಲಿ ಅಲ್ಲಿ ಪೆಡಲ್ ತುಳಿದವನು ಉಸಿರು ಕಟ್ಟಿ, ಮುಂದಿನ ಬಂಡೆಗಳನ್ನು ಎದುರಿಸುವಷ್ಟರಲ್ಲಿ ಸುಸ್ತಾಗಿರುತ್ತಾನೆ.

ಫ್ರೇಮಿನ ಅಳತೆಯಲ್ಲಿ ರಾಜಿ ಬೇಡ. ನಿಂತು ಸವಾರಿ ಮಾಡುವ ಭಂಗಿಯಲ್ಲಿ ಪೆಡಲ್ ದಂಡದ ಕೇಂದ್ರದಿಂದ ಹ್ಯಾಂಡಲ್‌ನ ಬುಡದವರೆಗಿನ ಅಡ್ಡ ಅಂತರ, ಅಂದರೆ 'ರೀಚ್', ಮುಖ್ಯವಾಗುತ್ತದೆ. ಸೀಟಿನ ಎತ್ತರ ನೋಡಿ ಅಳತೆ ನಿರ್ಧರಿಸುವ ಹಳೆಯ ಪದ್ಧತಿ ಇಲ್ಲಿ ನಡೆಯದು, ಏಕೆಂದರೆ ಇಳಿಯುವಾಗ ಯಾರೂ ಸೀಟಿನ ಮೇಲೆ ಕೂರುವುದಿಲ್ಲ. ಮುಂದಿನ ಫೋರ್ಕ್ ಎಷ್ಟು ಓರೆಯಾಗಿದೆ ಎಂಬುದನ್ನೂ ಗಮನಿಸಬೇಕು. ನೆಲದೊಂದಿಗೆ 63ರಿಂದ 65 ಡಿಗ್ರಿ ಕೋನವಿದ್ದರೆ ಕಡಿದಾದ ಇಳಿಜಾರಿನಲ್ಲಿ ಮುಂದಿನ ಗಾಲಿ ಸ್ಥಿರವಾಗಿರುತ್ತದೆ. ಗಾಲಿಯ ಅಳತೆಯ ವಾದ ಮುಗಿಯುವಂಥದ್ದಲ್ಲ. 29 ಇಂಚಿನ ಗಾಲಿ ಕಲ್ಲುಗಳ ಮೇಲೆ ಸಲೀಸಾಗಿ ಉರುಳುತ್ತದೆ, 27.5 ಇಂಚಿನದು ಬಿಗಿ ತಿರುವಿನಲ್ಲಿ ಚುರುಕು. ಗಿಡ್ಡ ಸವಾರರು ಎರಡನೆಯದನ್ನು ಹಿಂದಕ್ಕೆ ಹಾಕಿಸಿಕೊಳ್ಳುವುದುಂಟು. ಸ್ಪರ್ಧೆಯ ಫಲಿತಾಂಶ ಇದರಿಂದ ಬದಲಾಗುವುದು ಅಪರೂಪ.

ಇಂಥ ಸೈಕಲ್‌ಗಳ ಬೆಲೆ ಲಕ್ಷಗಳಲ್ಲಿರುವುದರಿಂದ ಬಳಸಿದ ಸೈಕಲ್ ಕೊಳ್ಳುವವರೇ ಹೆಚ್ಚು. ಅದು ತಪ್ಪಲ್ಲ. ಆದರೆ ಹ್ಯಾಂಡಲ್ ಕೆಳಗಿನ ಬೆಸುಗೆಯ ಸುತ್ತ ಕೂದಲೆಳೆಯಷ್ಟು ಬಿರುಕಿದ್ದರೂ ಮಾತು ಮುಂದುವರಿಸಬಾರದು. ಫೋರ್ಕ್‌ನ ಹೊಳೆಯುವ ಕೊಳವೆಯ ಮೇಲೆ ಬೆರಳಿನ ಉಗುರು ಎಳೆದಾಗ ಸಿಕ್ಕಿಕೊಳ್ಳುವ ಗೀರು ಇದ್ದರೆ ಎಣ್ಣೆ ಸೋರುವುದು ಖಚಿತ. ಹಿಂದಿನ ಗಾಲಿಯನ್ನು ಹಿಡಿದು ಅಡ್ಡಡ್ಡ ಅಲುಗಾಡಿಸಿದಾಗ ಫ್ರೇಮಿನ ಕೀಲುಗಳಲ್ಲಿ ಟಕಟಕ ಸದ್ದು ಬಂದರೆ ಬೇರಿಂಗ್‌ಗಳ ಖರ್ಚನ್ನು ಬೆಲೆಯಿಂದ ಕಳೆಯಬೇಕು. ಕಾರ್ಬನ್ ಫ್ರೇಮಾದರೆ ಹಿಂದೆ ದೊಡ್ಡ ಪೆಟ್ಟು ಬಿದ್ದಿದೆಯೇ ಎಂಬುದನ್ನು ಕಣ್ಣಿನಿಂದ ಹೇಳುವುದು ಕಷ್ಟ. ಗುಂಡುಗಲ್ಲಿನ ನಾಡಿನಲ್ಲಿ ಅಲ್ಯೂಮಿನಿಯಂ ಸುರಕ್ಷಿತ ಆಯ್ಕೆ.

ಬ್ರೇಕ್: ಹಣ ಮೊದಲು ಇಲ್ಲಿ

ತಂತಿಯಿಂದ ಎಳೆಯುವ ಡಿಸ್ಕ್ ಬ್ರೇಕ್ ದೀರ್ಘ ಇಳಿಜಾರಿಗೆ ತಕ್ಕುದಲ್ಲ. ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಬ್ರೇಕ್ ಬೇಕೇ ಬೇಕು. ಪ್ರತಿ ಗಾಲಿಗೆ ನಾಲ್ಕು ಪಿಸ್ಟನ್‌ಗಳಿದ್ದರೆ ಉತ್ತಮ. ಅನೇಕ ಸೈಕಲ್‌ಗಳು 160 ಅಥವಾ 180 ಮಿ.ಮೀ. ಡಿಸ್ಕ್‌ಗಳೊಂದಿಗೆ ಬರುತ್ತವೆ. ಫ್ರೇಮ್ ಮತ್ತು ಫೋರ್ಕ್ ತಯಾರಕರು ಅನುಮತಿಸುವುದಾದರೆ ಮುಂದೆ 200 ಅಥವಾ 203, ಹಿಂದೆ ಕನಿಷ್ಠ 180 ಮಿ.ಮೀ. ಹಾಕಿಸಬೇಕು. ದೊಡ್ಡ ಡಿಸ್ಕ್ ಹೆಚ್ಚು ಶಾಖವನ್ನು ತಾಳಿಕೊಂಡು ಬೇಗ ಆರುತ್ತದೆ. ಅದೇ ಹಿಡಿತಕ್ಕೆ ಬೆರಳಿನ ಒತ್ತಡವೂ ಕಡಿಮೆ ಸಾಕು. ಇಡೀ ಸೈಕಲ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಅತಿ ಹೆಚ್ಚು ಫಲ ಕೊಡುವ ಬದಲಾವಣೆ ಇದೇ ಇರಬಹುದು.

ಪ್ಯಾಡ್‌ಗಳಲ್ಲಿ ಎರಡು ಬಗೆ. ರಾಳದ ಪ್ಯಾಡ್ ಮೃದುವಾಗಿ, ಸದ್ದಿಲ್ಲದೆ ಹಿಡಿಯುತ್ತದೆ, ಆದರೆ ಬಹಳ ಕಾದಾಗ ಮೇಲ್ಮೈ ಗಾಜಿನಂತಾಗಿ ಜಾರುತ್ತದೆ. ಲೋಹದ ಪುಡಿಯನ್ನು ಒತ್ತಿ ಮಾಡಿದ ಸಿಂಟರ್ಡ್ ಪ್ಯಾಡ್ ಶಾಖವನ್ನು ಚೆನ್ನಾಗಿ ತಾಳುತ್ತದೆ. ದೀರ್ಘ ಸ್ಪರ್ಧೆಗೆ ಎರಡನೆಯದೇ ಸರಿ. ಹೊಸ ಪ್ಯಾಡನ್ನು ಸ್ಪರ್ಧೆಯ ದಿನ ಹಾಕುವುದು ಮಾತ್ರ ದೊಡ್ಡ ಅವಿವೇಕ. ಖಾಲಿ ರಸ್ತೆಯಲ್ಲಿ ಸಾಧಾರಣ ವೇಗದಿಂದ ಗಾಲಿ ಲಾಕ್ ಆಗದಂತೆ ಇಪ್ಪತ್ತು ಸಲವಾದರೂ ನಿಧಾನಿಸಿ ಪ್ಯಾಡ್ ಮತ್ತು ಡಿಸ್ಕ್ ಒಂದಕ್ಕೊಂದು ಹೊಂದಿಕೊಂಡ ಮೇಲಷ್ಟೇ ಅದಕ್ಕೆ ಪೂರ್ಣ ಹಿಡಿತ ಬರುತ್ತದೆ.

ಬ್ರೇಕ್ ಎಣ್ಣೆಯ ವಿಷಯ ಸಣ್ಣ ಊರಿನವರಿಗೆ ವಿಶೇಷವಾಗಿ ಮುಖ್ಯ. ಸೈಕಲ್ ಬ್ರೇಕ್‌ಗಳು ಒಂದೋ ಮಿನರಲ್ ಆಯಿಲ್‌ನಿಂದ, ಇಲ್ಲವೇ ಮೋಟರ್‌ಸೈಕಲ್‌ಗಳಲ್ಲಿ ಬಳಸುವ ಡಾಟ್ ದ್ರವದಿಂದ ನಡೆಯುತ್ತವೆ. ಶಿಮಾನೊ ಮತ್ತು ಮಗುರಾ ಬ್ರೇಕ್‌ಗಳು ಮೊದಲನೆಯ ಗುಂಪಿನವು. ಸ್ರ್ಯಾಮ್‌ನ ಬಹುಪಾಲು ಹಳೆಯ ಮಾದರಿಗಳು ಎರಡನೆಯವು. ಡಾಟ್ 4 ದ್ರವ ಯಾವ ಆಟೊಮೊಬೈಲ್ ಅಂಗಡಿಯಲ್ಲೂ ಸಿಗುತ್ತದೆ. ಮಿನರಲ್ ಆಯಿಲ್ ದೊಡ್ಡ ನಗರದಿಂದ ತರಿಸಬೇಕಾಗಬಹುದು. ಹಾಗೆಂದು ಒಂದರ ಬದಲು ಇನ್ನೊಂದನ್ನು ಸುರಿದರೆ ಒಳಗಿನ ರಬ್ಬರ್ ಸೀಲ್‌ಗಳು ಉಬ್ಬಿ ಬ್ರೇಕ್ ಶಾಶ್ವತವಾಗಿ ಹಾಳಾಗುತ್ತದೆ. ಊರಿನ ಗ್ಯಾರೇಜಿನಲ್ಲಿ 'ಬ್ರೇಕ್ ಆಯಿಲ್ ತಾನೇ' ಎಂದು ಸುರಿಯುವ ಮುನ್ನ ಲಿವರ್‌ನ ಮುಚ್ಚಳದ ಮೇಲೆ ಬರೆದಿರುವುದನ್ನು ಓದಬೇಕು. ಡಾಟ್ ದ್ರವಕ್ಕೆ ಇನ್ನೊಂದು ಗುಣವಿದೆ: ಅದು ಗಾಳಿಯಲ್ಲಿನ ತೇವವನ್ನು ಹೀರಿಕೊಳ್ಳುತ್ತದೆ. ಹೊಸ ಡಾಟ್ 4 ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ತೇವ ಹೀರಿದ ಮೇಲೆ ಆ ಮಿತಿ 155 ಡಿಗ್ರಿಗೆ ಇಳಿಯುತ್ತದೆ. ದ್ರವ ಕುದಿದು ಆವಿಯ ಗುಳ್ಳೆಯಾದರೆ ಲಿವರ್ ಹಿಡಿಕೆಯವರೆಗೆ ಬಂದರೂ ಗಾಲಿ ನಿಲ್ಲದು. ಆದ್ದರಿಂದ ಡಾಟ್ ಬ್ರೇಕ್ ಇರುವವರು ದೊಡ್ಡ ಸ್ಪರ್ಧೆಗೆ ಮುನ್ನ ಹಳೆಯ ದ್ರವವನ್ನು ತೆಗೆಸಿ ಹೊಸದನ್ನು ತುಂಬಿಸಬೇಕು.

ಎಷ್ಟು ಒಳ್ಳೆಯ ಬ್ರೇಕ್ ಇದ್ದರೂ ಅದನ್ನು ಬಳಸುವ ರೀತಿ ತಪ್ಪಿದರೆ ಪ್ರಯೋಜನವಿಲ್ಲ. ಇಳಿಜಾರಿನುದ್ದಕ್ಕೂ ಲಿವರನ್ನು ಅರೆಬರೆ ಒತ್ತಿಯೇ ಇರುವವನ ಡಿಸ್ಕ್‌ಗೆ ಆರಲು ಸಮಯವೇ ಸಿಗುವುದಿಲ್ಲ. ನೇರ ದಾರಿಯಲ್ಲಿ ಬಿಟ್ಟು, ತಿರುವಿಗೆ ಮುನ್ನ ಗಟ್ಟಿಯಾಗಿ ಒತ್ತಿ, ತಿರುವಿನೊಳಗೆ ಮತ್ತೆ ಬಿಡುವ ಅಭ್ಯಾಸ ಬೇಕು.

ಇನ್ನೊಂದು ಸಣ್ಣ, ಆದರೆ ಮೂಳೆ ಮುರಿಯಬಲ್ಲ ಸಂಗತಿ. ನಮ್ಮ ದೇಶದ ಸೈಕಲ್‌ಗಳಲ್ಲಿ ಸಾಮಾನ್ಯವಾಗಿ ಬಲಗೈ ಲಿವರ್ ಮುಂದಿನ ಗಾಲಿಯದು, ಮೋಟರ್‌ಸೈಕಲ್‌ನಲ್ಲೂ ಹಾಗೆಯೇ. ಅಮೆರಿಕ, ಯುರೋಪಿನಿಂದ ಬಂದ ಅನೇಕ ಸೈಕಲ್‌ಗಳಲ್ಲಿ ಇದು ತಿರುವುಮುರುವು. ಗಾಬರಿಯ ಕ್ಷಣದಲ್ಲಿ ಕೈ ತನ್ನ ಹಳೆಯ ಅಭ್ಯಾಸದಂತೆಯೇ ನಡೆಯುತ್ತದೆ. ಬಳಸಿದ ಸೈಕಲ್ ಕೊಂಡವರು ಮೊದಲ ದಿನವೇ ಇದನ್ನು ಪರೀಕ್ಷಿಸಿ, ಬೇಕಾದರೆ ಕೊಳವೆಗಳನ್ನು ಅದಲುಬದಲು ಮಾಡಿಸಿಕೊಳ್ಳಬೇಕು.

ಮುಳ್ಳಿನ ನಾಡಿಗೆ ಎಂಥ ಟೈರ್?

ಆಲ್ಪ್ಸ್‌ನ ಸವಾರನಿಗೆ ಇಲ್ಲದ ಚಿಂತೆಯೊಂದು ಸುರಪುರದ ಸವಾರನಿಗಿದೆ. ಬಳ್ಳಾರಿ ಜಾಲಿಯ ಮುಳ್ಳು ಚಪ್ಪಲಿಯ ಅಟ್ಟೆಯನ್ನೇ ದಾಟಬಲ್ಲದು; ನೆಲಕ್ಕಂಟಿ ಹರಡುವ ನೆಗ್ಗಿಲು ತನ್ನ ಕಾಯಿಯನ್ನು ಯಾವ ಮಗ್ಗುಲಿಗೆ ಕೆಡವಿದರೂ ಒಂದು ಮುಳ್ಳು ಮೇಲ್ಮುಖವಾಗಿಯೇ ಇರುತ್ತದೆ. ಟ್ಯೂಬ್ ಹಾಕಿದ ಟೈರಿನಲ್ಲಿ ಇಲ್ಲಿಯ ಗುಡ್ಡಗಳಲ್ಲಿ ಒಂದು ಬೆಳಗು ಪಂಕ್ಚರ್ ಇಲ್ಲದೆ ಕಳೆದರೆ ಅದೃಷ್ಟವೇ ಸರಿ. ಮುಳ್ಳಿನ ಜೊತೆಗೆ ಕಲ್ಲಿನ ಕಾಟ ಬೇರೆ. ಗಾಳಿ ಕಡಿಮೆ ಇದ್ದಾಗ ಗಾಲಿ ಕಲ್ಲಿಗೆ ಬಡಿದರೆ ರಿಮ್ ಮತ್ತು ಕಲ್ಲಿನ ನಡುವೆ ಟ್ಯೂಬ್ ಸಿಕ್ಕಿ ಹಾವು ಕಚ್ಚಿದಂತೆ ಎರಡು ತೂತು ಬೀಳುತ್ತವೆ.

ಇದಕ್ಕೆ ಪರಿಹಾರ ಟ್ಯೂಬ್‌ಲೆಸ್. ರಿಮ್‌ಗೆ ಒಳಗಿನಿಂದ ಪಟ್ಟಿ ಅಂಟಿಸಿ, ವಾಲ್ವ್ ಹಾಕಿ, ಟೈರಿನೊಳಗೆ ಲ್ಯಾಟೆಕ್ಸ್ ಮಿಶ್ರಿತ ಸೀಲಂಟ್ ಸುರಿಯಲಾಗುತ್ತದೆ. ಮುಳ್ಳು ಚುಚ್ಚಿದ ಜಾಗಕ್ಕೆ ಆ ದ್ರವ ಗಾಳಿಯ ಜೊತೆ ನುಗ್ಗಿ ಹೆಪ್ಪುಗಟ್ಟಿ ತೂತು ಮುಚ್ಚುತ್ತದೆ. 29 ಇಂಚಿನ ಅಗಲ ಟೈರಿಗೆ ನೂರು ಮಿಲಿಲೀಟರ್‌ಗೆ ಕಡಿಮೆ ಹಾಕಬಾರದು. ಮುಳ್ಳಿನ ನೆಲದಲ್ಲಿ ಇನ್ನಷ್ಟು ಇದ್ದರೂ ನಷ್ಟವಿಲ್ಲ. ತಂಪು ದೇಶಗಳಲ್ಲಿ ಈ ದ್ರವ ಹಲವು ತಿಂಗಳು ಬಾಳಿದರೂ ಕಲ್ಯಾಣ ಕರ್ನಾಟಕದ ಬೇಸಿಗೆಯಲ್ಲಿ ಬೇಗ ಒಣಗಿ ರಬ್ಬರ್ ಚೂರುಗಳಾಗುತ್ತದೆ. ಗಾಲಿಯನ್ನು ಕಿವಿಯ ಬಳಿ ಹಿಡಿದು ಅಲುಗಿಸಿದಾಗ ದ್ರವ ತುಳುಕುವ ಸದ್ದು ಬಾರದಿದ್ದರೆ ಮತ್ತೆ ಹಾಕಬೇಕು. ದೊಡ್ಡ ತೂತಿಗೆ ತುರುಕುವ ರಬ್ಬರ್ ಬತ್ತಿಗಳು ಕಾರಿನ ಪಂಕ್ಚರ್ ಅಂಗಡಿಯವರ ಬತ್ತಿಯ ಕಿರಿಯ ರೂಪ. ಅವನ್ನು ಹ್ಯಾಂಡಲ್‌ನ ತುದಿಯಲ್ಲೇ ಸಿಕ್ಕಿಸಿಟ್ಟುಕೊಳ್ಳುವ ಸಾಧನಗಳಿವೆ.

ಟೈರಿನ ಅಗಲ 2.4 ಅಥವಾ 2.5 ಇಂಚು ಇದ್ದರೆ ಸಾಕು. ಅದಕ್ಕಿಂತ ಹೆಚ್ಚು ಗಮನಿಸಬೇಕಾದದ್ದು ಪಕ್ಕದ ಗೋಡೆಯ ದಪ್ಪ. ತೂಕ ಉಳಿಸಲೆಂದು ತೆಳು ಗೋಡೆಯ ಟೈರ್ ಹಾಕಿದರೆ ಗ್ರಾನೈಟ್‌ನ ಒಡೆದ ಅಂಚು ಅದನ್ನು ಬ್ಲೇಡಿನಂತೆ ಸೀಳುತ್ತದೆ. ಅಂಥ ಸೀಳನ್ನು ಯಾವ ಸೀಲಂಟೂ ಮುಚ್ಚದು. ಕನಿಷ್ಠ ಹಿಂದಿನ ಗಾಲಿಗಾದರೂ ಎರಡು ಪದರದ ಗೋಡೆಯ ಟೈರ್ ಬೇಕು. ಕಾಲು ಕಿಲೊ ತೂಕ ಹೆಚ್ಚಾಗಬಹುದು, ಆಗಲಿ. ದಾರಿಯ ನಡುವೆ ಕುಳಿತು ಟೈರ್ ಬಿಚ್ಚುವವನನ್ನು ಹತ್ತು ನಿಮಿಷದಲ್ಲಿ ಎಷ್ಟು ಮಂದಿ ದಾಟಿ ಹೋಗುತ್ತಾರೆಂಬುದನ್ನು ಲೆಕ್ಕ ಹಾಕಿದರೆ ಆ ತೂಕ ಭಾರವೆನಿಸದು.

ಗಾಳಿಯ ಒತ್ತಡವನ್ನು ಹೆಬ್ಬೆರಳಿನಿಂದ ಒತ್ತಿ ನೋಡುವ ಪದ್ಧತಿ ಬಿಡಬೇಕು, ಮೀಟರ್ ಬೇಕು. ಸುಮಾರು 70 ಕಿಲೊ ತೂಕದ ಸವಾರ ಟ್ಯೂಬ್‌ಲೆಸ್‌ನಲ್ಲಿ ಮುಂದೆ 22ರಿಂದ 24, ಹಿಂದೆ 25ರಿಂದ 27 ಪಿಎಸ್‌ಐನಿಂದ ಆರಂಭಿಸಬಹುದು. ಕಲ್ಲಿಗೆ ರಿಮ್ ಬಡಿದ ಸದ್ದು ಪದೇ ಪದೇ ಕೇಳಿದರೆ ಒಂದೊಂದೇ ಏರಿಸಬೇಕು, ಗಾಲಿ ಕಲ್ಲಿನಿಂದ ಕಲ್ಲಿಗೆ ಪುಟಿದರೆ ಇಳಿಸಬೇಕು. ನಮ್ಮ ಬಿಸಿಲು ಇಲ್ಲೊಂದು ಚೇಷ್ಟೆ ಮಾಡುತ್ತದೆ. ನಸುಕಿನ 20 ಡಿಗ್ರಿಯಲ್ಲಿ 25 ಪಿಎಸ್‌ಐ ತುಂಬಿದ ಟೈರ್ ಬಿಸಿಲಿನಲ್ಲಿ ನಿಂತು 50 ಡಿಗ್ರಿಗೆ ಕಾದರೆ ಒಳಗಿನ ಒತ್ತಡ 29ಕ್ಕೆ ಏರುತ್ತದೆ. ಈ ಮಟ್ಟದಲ್ಲಿ ನಾಲ್ಕು ಪಿಎಸ್‌ಐ ಎಂದರೆ ಹಿಡಿತಕ್ಕೂ ಜಾರುವಿಕೆಗೂ ಇರುವ ವ್ಯತ್ಯಾಸ. ಹೊರಡುವ ಮುನ್ನ ಸೈಕಲ್ ನೆರಳಿನಲ್ಲಿರಲಿ, ಕೊನೆಯ ಅಳತೆ ಆರಂಭದ ಗೆರೆಯ ಬಳಿಯೇ ಆಗಲಿ.

ಒಣ ಗ್ರಾನೈಟ್ ಬಂಡೆಯ ಮೇಲೆ ರಬ್ಬರ್ ಅದ್ಭುತವಾಗಿ ಹಿಡಿಯುತ್ತದೆ. ಅಪಾಯವಿರುವುದು ಬಂಡೆ ಸವೆದು ಉದುರಿದ ಜಲ್ಲಿಪುಡಿಯಲ್ಲಿ. ಚಪ್ಪಟೆ ಬಂಡೆಯ ಮೇಲೆ ಹರಡಿದ ಆ ಕಾಳುಗಳು ಗಾಲಿಯ ಕೆಳಗೆ ರಾಗಿಯ ಕಾಳಿನಂತೆ ಉರುಳುತ್ತವೆ. ಅಲ್ಲಿ ತಿರುಗುವುದೂ ಬೇಡ, ಬ್ರೇಕೂ ಬೇಡ, ನೇರವಾಗಿ ದಾಟಬೇಕು. ಗುಡ್ಡದ ಬುಡದಲ್ಲಿ ಎರೆಮಣ್ಣು ಸಿಕ್ಕರೆ ಮತ್ತೊಂದು ಪಾಡು. ಒಂದು ಮಳೆ ಬಿದ್ದರೆ ಆ ಮಣ್ಣು ಟೈರಿಗೆ ಮೆತ್ತಿ ಫ್ರೇಮ್‌ನ ಸಂದಿಯಲ್ಲಿ ಗಟ್ಟಿಯಾಗಿ ಗಾಲಿಯನ್ನೇ ನಿಲ್ಲಿಸುತ್ತದೆ. ಅದಕ್ಕೆ ಮದ್ದಿಲ್ಲ, ಮಳೆಯ ಮರುದಿನ ಅಭ್ಯಾಸಕ್ಕೆ ರಜೆ ಕೊಡುವುದೇ ವಿವೇಕ.

ಸಸ್ಪೆನ್ಷನ್: ಕೊಂಡದ್ದಕ್ಕಿಂತ ಕೂರಿಸಿದ್ದು ಮುಖ್ಯ

ದುಬಾರಿ ಫೋರ್ಕ್ ಕೊಂಡು ಅಂಗಡಿಯವರು ತುಂಬಿಕೊಟ್ಟ ಗಾಳಿಯಲ್ಲೇ ವರ್ಷ ಕಳೆಯುವವರು ಬಹಳ. ಸರಿಯಾಗಿ ಹೊಂದಿಸಲು ಬೇಕಾದದ್ದು ಒಂದು ಶಾಕ್ ಪಂಪು, ಒಂದು ಅಳತೆಪಟ್ಟಿ, ಹಿಡಿದುಕೊಳ್ಳಲು ಒಬ್ಬ ಸ್ನೇಹಿತ. ಸವಾರ ಹೆಲ್ಮೆಟ್, ನೀರಿನ ಚೀಲ ಸಮೇತ ಪೆಡಲ್‌ಗಳ ಮೇಲೆ ನಿಂತಾಗ ಸಸ್ಪೆನ್ಷನ್ ತನ್ನಷ್ಟಕ್ಕೆ ಎಷ್ಟು ತಗ್ಗುತ್ತದೆ ಎಂಬುದನ್ನು 'ಸ್ಯಾಗ್' ಎನ್ನುತ್ತಾರೆ. 150 ಮಿ.ಮೀ. ಫೋರ್ಕ್ ಸುಮಾರು 30 ಮಿ.ಮೀ., ಅಂದರೆ ಐದನೆಯ ಒಂದು ಭಾಗ ತಗ್ಗಿದರೆ ಸರಿ. ಹಿಂದಿನ ಶಾಕ್‌ನ ದಂಡದ ಚಲನೆ 60 ಮಿ.ಮೀ. ಇದ್ದರೆ 16ರಿಂದ 18 ಮಿ.ಮೀ. ತಗ್ಗಬೇಕು. ದಂಡದ ಮೇಲಿನ ರಬ್ಬರ್ ಉಂಗುರವನ್ನು ಸೀಲ್‌ಗೆ ತಾಗಿಸಿ, ನಿಧಾನವಾಗಿ ಹತ್ತಿ, ಕುಣಿಯದೆ ಇಳಿದು ಅಳೆಯಬೇಕು.

ತಗ್ಗಿದ್ದು ಮೇಲೇಳುವ ವೇಗವನ್ನು ನಿಯಂತ್ರಿಸುವುದು ರೀಬೌಂಡ್ ತಿರುಪು. ಇದು ಬಹಳ ನಿಧಾನವಾದರೆ ಸಾಲು ಕಲ್ಲುಗಳ ಮೇಲೆ ಫೋರ್ಕ್ ಪೂರ್ತಿ ಮೇಲೇಳುವ ಮೊದಲೇ ಮುಂದಿನ ಕಲ್ಲು ಬಂದು, ಅದು ಕುಗ್ಗುತ್ತಾ ಹೋಗಿ ಕೊನೆಗೆ ಕಲ್ಲಿನಂತಾಗುತ್ತದೆ. ಬಹಳ ವೇಗವಾದರೆ ಗಾಲಿ ಪುಟಿಯುತ್ತದೆ. ದೀರ್ಘ ಇಳಿಜಾರಿನಲ್ಲಿ ಒಳಗಿನ ಎಣ್ಣೆ ಕಾದು ತೆಳುವಾಗುವುದರಿಂದ ಕೆಳಗಿಳಿಯುತ್ತಾ ರೀಬೌಂಡ್ ತಾನಾಗಿಯೇ ವೇಗಗೊಳ್ಳುತ್ತದೆ. ಆದ್ದರಿಂದ ಮನೆಯ ಮುಂದಿನ ಕಟ್ಟೆ ಇಳಿಸಿ ನೋಡಿ ಮೆಚ್ಚಿದ ಹೊಂದಾಣಿಕೆಯನ್ನು ಹತ್ತು ನಿಮಿಷದ ಒರಟು ಇಳಿತದ ಕೊನೆಯಲ್ಲಿ ಮತ್ತೊಮ್ಮೆ ಪರೀಕ್ಷಿಸಬೇಕು.

ಕೈಗಳಿಗಾಗಿ

ಹತ್ತು ನಿಮಿಷ ಕಳೆದ ಮೇಲೆ ಮುಂಗೈ ಸ್ನಾಯುಗಳು ಬಿಗಿದು ಬೆರಳುಗಳು ಮಾತು ಕೇಳದಾಗುವುದು ಹೊಸಬರೆಲ್ಲರ ಅನುಭವ. ಜಿಮ್‌ಗೆ ಹೋಗುವುದಕ್ಕಿಂತ ಮೊದಲು ಮಾಡಬಹುದಾದ ಕೆಲಸ ಐದು ಮಿಲಿಮೀಟರಿನ ಆಲನ್ ಕೀಲಿಯಲ್ಲಿದೆ. ಬ್ರೇಕ್ ಲಿವರ್‌ಗಳನ್ನು ಹಿಡಿಕೆಯಿಂದ ತುಸು ಒಳಕ್ಕೆ ಸರಿಸಿ, ತೋರುಬೆರಳೊಂದೇ ಲಿವರ್‌ನ ತುದಿಯ ಕೊಕ್ಕೆಗೆ ಸಿಗುವಂತೆ ಮಾಡಬೇಕು. ಉಳಿದ ಮೂರು ಬೆರಳು ಮತ್ತು ಹೆಬ್ಬೆರಳು ಹ್ಯಾಂಡಲ್‌ಗೆ ಮೀಸಲು. ಲಿವರ್ ಬಹಳ ಕೆಳಮುಖವಾಗಿದ್ದರೆ ಇಳಿಜಾರಿನಲ್ಲಿ ಮಣಿಕಟ್ಟು ಮಡಚಿ ಎಲ್ಲ ಭಾರ ಹೆಬ್ಬೆರಳಿನ ಮೇಲೆ ಬೀಳುತ್ತದೆ. ಸ್ವಲ್ಪ ಮೇಲಕ್ಕೆ ತಿರುಗಿಸಿದರೆ ಅಂಗೈ ಭಾರ ಹೊರುತ್ತದೆ. ಸಣ್ಣ ಕೈಯವರು, ಮುಖ್ಯವಾಗಿ ಹದಿಹರೆಯದವರು, ಲಿವರನ್ನು ಹತ್ತಿರಕ್ಕೆ ತರುವ ತಿರುಪನ್ನು ಬಳಸಬೇಕು. ಹಿಡಿಕೆಯೂ ಕೈಯ ಅಳತೆಯದಾಗಿರಲಿ. ದಪ್ಪ ಹಿಡಿಕೆ ಮೆತ್ತಗಿರುತ್ತದೆಂದು ಕೊಂಡ ಸಣ್ಣ ಕೈಯವರು ಬೇಗ ದಣಿಯುತ್ತಾರೆ.

ಹ್ಯಾಂಡಲ್ 760ರಿಂದ 800 ಮಿ.ಮೀ. ಅಗಲ, ಅದನ್ನು ಹಿಡಿದ ಸ್ಟೆಮ್ 50 ಮಿ.ಮೀ.ಗೆ ಮೀರದಂತೆ ಇರುವುದು ಈಗಿನ ರೂಢಿ. ಕಿರಿದಾದ ಭುಜದವರು ಹ್ಯಾಂಡಲ್‌ನ ತುದಿಗಳನ್ನು ಕತ್ತರಿಸಿಕೊಳ್ಳಬಹುದು. ಗುಂಡಿ ಒತ್ತಿದರೆ ಸೀಟು ಕೆಳಗಿಳಿಯುವ ಡ್ರಾಪರ್ ಪೋಸ್ಟ್ ಇಲ್ಲದಿದ್ದರೆ ಇಳಿಜಾರಿಗೆ ಮುನ್ನ ಸೀಟನ್ನು ಕೈಯಿಂದಲೇ ತಗ್ಗಿಸಬೇಕು. ಪೆಡಲ್‌ಗೆ ಬೂಟು ಕಚ್ಚಿಸುವ ಪದ್ಧತಿ ಕಲಿಯದವರು ಮೊಳೆಗಳಿರುವ ಅಗಲ ಪೆಡಲ್ ಬಳಸಲಿ. ಗೇರುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಮುಂದೆ ಒಂದೇ ಹಲ್ಲುಗಾಲಿ, ಅದರ ಮೇಲೆ ಚೈನು ಜಿಗಿಯದಂತೆ ಹಿಡಿಯುವ ಸಣ್ಣ ಗೈಡ್ ಇದ್ದರೆ ಆಯಿತು.

ತಲೆಗೆ ಗಲ್ಲ ಮುಚ್ಚುವ ಪೂರ್ಣ ಹೆಲ್ಮೆಟ್ ಕಡ್ಡಾಯ. ಡೌನ್‌ಹಿಲ್ ಸೈಕಲ್ ಹೆಲ್ಮೆಟ್‌ಗಳಿಗೆ 'ಎಎಸ್‌ಟಿಎಂ ಎಫ್1952' ಎಂಬ ಪ್ರತ್ಯೇಕ ಮಾನದಂಡವಿದೆ. ಒಳಗಿನ ಚೀಟಿಯಲ್ಲಿ ಅದನ್ನು ಹುಡುಕಬೇಕು. ಮೋಟರ್‌ಸೈಕಲ್ ಹೆಲ್ಮೆಟ್‌ನ ಭಾರ ಮತ್ತು ಒಳಗಿನ ಸೆಕೆ ನಮ್ಮ ಹವೆಯಲ್ಲಿ ತಾಳುವಂಥದ್ದಲ್ಲ. ಮೊಣಕಾಲು ಕವಚ, ಪೂರ್ಣ ಬೆರಳಿನ ಕೈಗವಸು, ಕಣ್ಣಿಗೆ ಕನ್ನಡಕ ಇವಿಷ್ಟೂ ಬೇಕು. ಒಮ್ಮೆ ಜೋರಾಗಿ ನೆಲಕ್ಕೆ ಬಡಿದ ಹೆಲ್ಮೆಟ್ ಹೊರಗೆ ಚೆನ್ನಾಗಿ ಕಂಡರೂ ಒಳಗಿನ ಫೋಮ್ ತನ್ನ ಕೆಲಸ ಮುಗಿಸಿರುತ್ತದೆ. ಅದನ್ನು ತಮ್ಮನಿಗೆ ಕೊಡದೆ ಎಸೆಯಬೇಕು.

ಅಭ್ಯಾಸ ಎಲ್ಲಿ?

ಸುರಪುರ, ಶಹಾಪುರದ ಗುಡ್ಡಗಳು ಚಿಕ್ಕವಾದರೂ ದಾರಿ ಆರಿಸುವುದನ್ನು, ಬಂಡೆಯಿಂದ ಇಳಿಯುವುದನ್ನು, ಬ್ರೇಕ್ ಬಿಟ್ಟು ಹಿಡಿಯುವುದನ್ನು ಕಲಿಯಲು ಧಾರಾಳವಾಗಿ ಸಾಕು. ನವೆಂಬರ್‌ನಿಂದ ಫೆಬ್ರುವರಿವರೆಗಿನ ತಂಪು ತಿಂಗಳುಗಳೇ ಸವಾರಿಗೆ ಹಿತ. ಬೋನಾಳದ ಕೆರೆಗೆ ವಲಸೆ ಹಕ್ಕಿಗಳು ಬರುವುದೂ ಆ ತಿಂಗಳುಗಳಲ್ಲೇ. ಆದಕಾರಣ ಪಕ್ಷಿಧಾಮದ ಏರಿ ಮತ್ತು ದಡವನ್ನು ಅಭ್ಯಾಸದ ಹಾದಿಯಾಗಿಸಬಾರದು. ಕೋಟೆ, ದೇವಸ್ಥಾನಗಳ ಮೆಟ್ಟಿಲುಗಳ ಮೇಲೆ ಸೈಕಲ್ ಇಳಿಸಿ ಚಿತ್ರ ತೆಗೆಸಿಕೊಳ್ಳುವ ಹುಚ್ಚೂ ಸಲ್ಲದು. ಅರಣ್ಯ ಇಲಾಖೆಯ ಜಾಗವಾದರೆ ಅನುಮತಿ, ಖಾಸಗಿ ಜಮೀನಾದರೆ ಒಡೆಯನ ಒಪ್ಪಿಗೆ ಬೇಕು. ಕುರಿಹಿಂಡು ಎದುರಾದರೆ ಇಳಿದು ನಿಲ್ಲಬೇಕು.

ಚಿಕ್ಕ ಗುಡ್ಡದ ಅಭ್ಯಾಸಕ್ಕೆ ಒಂದು ಮಿತಿ ಇದೆ. ನೂರು ಮೀಟರ್‌ನ ಗುಡ್ಡವನ್ನು ಹತ್ತು ಸಲ ಇಳಿದರೆ ಲೆಕ್ಕಕ್ಕೆ ಸಾವಿರ ಮೀಟರ್ ಆಗುತ್ತದೆ. ಆದರೆ ಪ್ರತಿ ಸಲ ಮೇಲೆ ಹತ್ತುವಷ್ಟರಲ್ಲಿ ಡಿಸ್ಕ್ ಆರಿರುತ್ತದೆ, ಕೈ ವಿಶ್ರಾಂತಿ ಪಡೆದಿರುತ್ತದೆ. ಕಾದ ಬ್ರೇಕ್ ಮತ್ತು ದಣಿದ ಕೈಗಳ ವರ್ತನೆ ತಿಳಿಯಬೇಕಾದರೆ ಸ್ಪರ್ಧೆಗೆ ಮುನ್ನ ಒಂದೆರಡು ಸಲವಾದರೂ ಎಡೆಬಿಡದ ಉದ್ದನೆಯ ಇಳಿತ ಬೇಕು. ಸ್ಪರ್ಧೆಯ ಸ್ಥಳಕ್ಕೆ ನಾಲ್ಕು ದಿನ ಮೊದಲೇ ಹೋಗಿ ಅಲ್ಲಿಯೇ ಇದನ್ನು ಮಾಡುವುದು ಅನುಕೂಲ. ಪ್ರತಿ ಇಳಿತದ ಕೊನೆಗೆ ಲಿವರ್ ಎಷ್ಟು ಒಳಬಂದಿದೆ, ಪ್ಯಾಡ್‌ನಲ್ಲಿ ಎಷ್ಟು ಉಳಿದಿದೆ, ಶಾಕ್‌ನ ಉಂಗುರ ಎಲ್ಲಿಗೆ ಸರಿದಿದೆ, ಟೈರ್‌ನ ಒತ್ತಡ ಎಷ್ಟಿದೆ ಎಂಬುದನ್ನು ದಿನಾಂಕ ಹಾಕಿ ಒಂದು ನೋಟ್‌ಬುಕ್‌ನಲ್ಲಿ ಬರೆದಿಟ್ಟುಕೊಳ್ಳಬೇಕು. ಒಂದೇ ಸಲಕ್ಕೆ ಎರಡು ತಿರುಪುಗಳನ್ನು ಬದಲಿಸಬಾರದು; ಯಾವುದರಿಂದ ಏನಾಯಿತೆಂದು ತಿಳಿಯದೆ ಹೋಗುತ್ತದೆ.